ಜೈಲಿಗೆ ಹೋದ ಅಜ್ಜಿ ಲೈಸೆನ್ಸ್ ಬಿಟ್ಟಿದ್ದು

ಅಬರಿಸ್ಟ್‌ವಿತ್
ಭಾನುವಾರ, ೯ ಫೆಬ್ರವರಿ ೨೦೨೫

ಪ್ರೀತಿಯ ಅಮ್ಮಾ,

ನಿನ್ನ ಬೆನ್ನುನೋವು ಹೇಗಿದೆ? ಮಸ್ಕತ್ತಿನ ಹೊಸ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲ ಎರಡು ದಿನ ಮಾಡಿ ಚಾಪೆ ಸುತ್ತಿ ಮೂಲೆಗಿಟ್ಟೆಯೋ? ಅಪ್ಪನ ಕೆಮ್ಮು ಕಮ್ಮಿಯಾಯಿತಾ? ನಾನು ಚೆನ್ನಾಗಿದ್ದೇನೆ. ಅಂದರೆ ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೇನೆ, ಕ್ಲಾಸಿಗೆ ಹೋಗುತ್ತಿದ್ದೇನೆ. ಎದೆ ಡವಡವ ಅನ್ನುವುದು ಮಾತ್ರ ಮತ್ತೆ ಶುರುವಾಗಿದೆ. ಪರೀಕ್ಷೆಗೆ ಮುಂಚೆ ಆಗುತ್ತಿತ್ತಲ್ಲ, ಹಾಗೇ. ಈಗ ಪರೀಕ್ಷೆ ಇಲ್ಲ, ಆದರೂ ಆಗುತ್ತಿದೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನಾನು ಅತ್ತರೆ ನೀನು ತಕ್ಷಣ ಅಪ್ಪನ ಕೈಗೆ ಕೊಟ್ಟುಬಿಡುತ್ತೀಯ. ಒಂಬತ್ತನೇ ವಯಸ್ಸಿನಿಂದ ಹಾಸ್ಟೆಲ್ ಶಾಲೆಯಲ್ಲಿ ಭಾನುವಾರ ಊಟವಾದ ಮೇಲೆ ಮನೆಗೆ ಒಂದು ಪುಟ ಬರೆದು ಮೇಡಂಗೆ ತೋರಿಸಿದರೇ ಆಟಕ್ಕೆ ಬಿಡುತ್ತಿದ್ದರು. ಹಾಗಾಗಿ ನನಗೆ ನೆಟ್ಟಗೆ ಮಾತು ಬರುವುದು ಕಾಗದದ ಮೇಲೇ. ಇನ್ನೊಂದನ್ನು ನೀನು ಆಗಲೇ ಗಮನಿಸಿರುತ್ತೀಯ. ಈ ಪತ್ರ ಇಂಗ್ಲಿಷಿನಲ್ಲಿಲ್ಲ, ವೆಲ್ಷ್‌ನಲ್ಲಿದೆ. ನಿನಗೆ ವೆಲ್ಷ್ ಮರೆತೇ ಹೋಗಿದೆ ಅಂತ ನೀನೇ ಹೇಳಿದ್ದೆ, ನಾನು ನಂಬಿದ್ದೆ. ಮರೆತಿಲ್ಲ ಅಂತ ಹೋದ ವಾರ ಗೊತ್ತಾಯಿತು. ಹೇಗೆ ಅಂತ ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ಇದು ಬರೀ ಬೈಗುಳದ ಪತ್ರವಾಗುತ್ತದೆ.

ನಮ್ಮ ಹಾಸ್ಟೆಲ್ಲಿನಲ್ಲಿ ಎಲ್ಲರೂ ವೆಲ್ಷ್ ಮಾತಾಡುವವರೇ ಅಂತ ಬರೆದಿದ್ದೆನಲ್ಲ. ಇಲ್ಲಿಗೆ ಬಂದ ಮೊದಲ ವಾರ ನನ್ನನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಅಪ್ಪ ಇಂಗ್ಲಿಷಿನವರು, ಓದಿದ್ದು ಗಡಿಯಾಚೆ ಇಂಗ್ಲೆಂಡಿನ ಶಾಲೆ, ನನ್ನ ವೆಲ್ಷ್ ಎಲ್ಲಾ ರಜೆಯಲ್ಲಿ ಅಜ್ಜಿ ಮನೆಯ ಟಿ.ವಿ. ಮುಂದೆ ಕೂತು ಕಲಿತದ್ದು. "ಏನೇ ಇದು, ವಾರ್ತೆ ಓದೋರ ಥರ ಮಾತಾಡ್ತೀಯ! ಹವಾಮಾನ ಹೇಗಿದೆ ಹೇಳು ನೋಡೋಣ," ಅಂತ ಇಫಾನ್ ಎಲ್ಲರೆದುರು ಕಾಡುತ್ತಿದ್ದ. ಇಫಾನ್ ಅಂದರೆ ನಮ್ಮ ಹಾಸ್ಟೆಲ್ ಕಮಿಟಿಯ ಮುಖ್ಯಸ್ಥ, ಮೂರನೇ ವರ್ಷದವನು. ಒಂದು ದಿನ ತಡೆಯಲಾಗದೆ ಅಜ್ಜಿಯ ಕಥೆ ಹೇಳಿಬಿಟ್ಟೆ. ನೀನು ನನಗೆ ಒಂದು ಸಲವೂ ಹೇಳದ, ಅಜ್ಜಿ ನೂರು ಸಲ ಹೇಳಿದ ಕಥೆ. ನಮ್ಮ ಭಾಷೆಗೊಂದು ಚಾನೆಲ್ ಕೊಡೋತನಕ ಟಿ.ವಿ. ನೋಡೋಕೆ ವರ್ಷಾವರ್ಷ ಕಟ್ಟೋ ಲೈಸೆನ್ಸ್ ಹಣ ಕಟ್ಟಲ್ಲ ಅಂತ ೧೯೮೦ರಲ್ಲಿ ಜನ ಹಟ ಹಿಡಿದಾಗ ಬಾಲಾ ಊರಿನ ಎಲಿನೆಡ್ ಪ್ರಿಚರ್ಡ್ ಕೋರ್ಟಿನಲ್ಲಿ ನಿಂತು "ದಂಡಾನೂ ಕಟ್ಟಲ್ಲ, ಎಲ್ಲಿಗೆ ಕಳಿಸ್ತೀರೋ ಕಳಿಸಿ" ಅಂದಳು, ಏಳು ದಿನ ಜೈಲಲ್ಲಿದ್ದಳು ಅಂತ. ಅಮ್ಮಾ, ಅಡುಗೆಮನೆಯಲ್ಲಿ ಟೋಸ್ಟ್ ಸುಟ್ಟು ಕರಕಲಾದರೂ ಒಬ್ಬರೂ ಏಳಲಿಲ್ಲ. ಅವತ್ತಿನಿಂದ ನಾನು ಅರ್ಧ ಇಂಗ್ಲಿಷಿನವಳಲ್ಲ, ಎಲಿನೆಡ್ ಮೊಮ್ಮಗಳು.

ಈಗ ಸರ್ಕಾರದಲ್ಲಿ ಲೈಸೆನ್ಸ್ ತೆಗೆದುಹಾಕಿ ಚಂದಾ ಪದ್ಧತಿ ತರುವ ಮಾತು ಎದ್ದಿದೆಯಲ್ಲ. ಅದರ ವಿರುದ್ಧ ಮಾರ್ಚ್ ಒಂದಕ್ಕೆ, ವೇಲ್ಸಿನ ನಾಡಹಬ್ಬವಾದ ಡೇವಿಡ್ ಸಂತರ ದಿನ, ನಮ್ಮ ಹಾಸ್ಟೆಲ್ಲಿನಲ್ಲಿ ಸಭೆ. ಅಜ್ಜಿಯೇ ಮುಖ್ಯ ಅತಿಥಿ. ಕರೆತರುತ್ತೇನೆ ಅಂತ ಮಾತು ಕೊಟ್ಟವಳು ನಾನು. ಕೋರ್ಟಿನ ಮೆಟ್ಟಿಲ ಮೇಲೆ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ನಿಂತ ಅವಳ ಫೋಟೋ ಊರ ತುಂಬ ಅಂಟಿಸಿದ್ದಾರೆ. "ಎಲ್ಲರೂ ಕಟ್ಟಿದರೇ ನಮಗೊಂದು ಚಾನೆಲ್ಲು. ಬೇಕಾದವರು ಮಾತ್ರ ಕಟ್ಟೋದಾದರೆ ಇಷ್ಟು ಚಿಕ್ಕ ಭಾಷೇಲಿ ಸೀರಿಯಲ್ ಮಾಡೋಕೆ ಯಾವ ಕಂಪನಿಗೆ ಹುಚ್ಚು?" ಅಂತ ಇಫಾನ್ ಹೇಳುತ್ತಾನೆ, ಸರಿಯಾಗೇ ಹೇಳುತ್ತಾನೆ. ಆದರೆ ನಿಜ ಹೇಳಲಾ, ನಮ್ಮ ಮಹಡಿಯಲ್ಲಿ ಲೈಸೆನ್ಸ್ ಇರುವವರು ಒಬ್ಬರೂ ಇಲ್ಲ. ಯಾರದೋ ಅಕ್ಕನ ಪಾಸ್‌ವರ್ಡಿನಲ್ಲಿ ಏಳು ಜನ ಚಂದಾ ಚಾನೆಲ್ಲಿನಲ್ಲಿ ಹೆಣಗಳು ಎದ್ದು ಓಡಾಡುವ ಇಂಗ್ಲಿಷ್ ಸೀರಿಯಲ್ ನೋಡುತ್ತಾರೆ, ಇಫಾನನೂ ಸೇರಿ. ಕೇಳಿದರೆ "ಅದು ಬೇರೆ, ಇದು ಬೇರೆ" ಅನ್ನುತ್ತಾನೆ. ನಿಯಮ ಪಾಲಿಸುತ್ತಿದ್ದ ಪೆದ್ದಿ ನಾನೊಬ್ಬಳೇ. ನಿನಗೆ ಗೊತ್ತಲ್ಲ, ಮನೆಯಲ್ಲಿ ಲೈಸೆನ್ಸ್ ಇದ್ದರೆ ಕಾಲೇಜಿನಲ್ಲಿರುವ ಮಕ್ಕಳು ಪ್ಲಗ್ ಚುಚ್ಚದೆ ಬರೀ ಬ್ಯಾಟರಿ ಮೇಲೆ ನೋಡಬಹುದು. ನನ್ನ ಮನೆ ವಿಳಾಸ ಅಜ್ಜಿಯದೇ ತಾನೆ? ಅದಕ್ಕೆ ಪ್ರತಿ ಭಾನುವಾರ ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿ, ತಂತಿ ಕಿತ್ತು, ಅದನ್ನು ಕಣ್ಣಿಗೆ ಕಾಣುವ ಹಾಗೆ ಮಂಚದ ಮೇಲೆ ಇಟ್ಟು, ನಮ್ಮ ಚಾನೆಲ್ಲಿನ ಭಜನೆಯ ಕಾರ್ಯಕ್ರಮ ನೋಡುತ್ತಿದ್ದೆ. ಅಲ್ಲಿ ಬಾಲಾದಲ್ಲಿ ಅಜ್ಜಿಯೂ ನೋಡುತ್ತಿದ್ದಾಳೆ ಅಂತ. ಮುಗಿದ ಮೇಲೆ ಫೋನು. "ಇವತ್ತು ಹೆಂಗಸರ ದನಿ ಚೆನ್ನಾಗಿತ್ತು ಅಲ್ವಾ ಅಜ್ಜಿ?" "ಹೂಂ ಕಣೇ, ಬಹಳ ಚೆನ್ನಾಗಿತ್ತು." ಬ್ಯಾಟರಿ ಹಳೆಯದು, ಎಷ್ಟೋ ಸಲ ಕೊನೆಯ ಹಾಡಿಗೆ ಮುಂಚೆಯೇ ಸತ್ತುಹೋಗುತ್ತಿತ್ತು. "ಕೊನೇದು ಯಾವುದಿತ್ತು ಅಜ್ಜಿ?" ಅಂತ ಕೇಳಿದರೆ "ಅದೇ, ಮಾಮೂಲಿ" ಅನ್ನುತ್ತಿದ್ದಳು. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಹೋದ ಮಂಗಳವಾರ ಮಧ್ಯಾಹ್ನ ಲೈಸೆನ್ಸ್ ತಪಾಸಣೆಯವರು ಬಂದರು. ಐವತ್ತರ ಆಸುಪಾಸಿನ ಮನುಷ್ಯ, ಮೂಗು ಸೋರುತ್ತಿತ್ತು, ನಾನೇ ಟಿಶ್ಯೂ ಕೊಟ್ಟೆ. ಅವರು ಏನೂ ಕೇಳುವ ಮೊದಲೇ ನಾನು ಕಿತ್ತ ತಂತಿಯನ್ನು ಎತ್ತಿ ತೋರಿಸಿದೆ. "ಪ್ಲಗ್ ಇರಲಿ ಬಿಡಮ್ಮಾ, ಮನೆ ವಿಳಾಸ ಹೇಳು," ಅಂದರು. ಹೇಳಿದೆ. ನೋಡಿದರು, ಇನ್ನೊಂದು ಸಲ ನೋಡಿದರು. "ಈ ಮನೆಗೆ ಲೈಸೆನ್ಸ್ ಇಲ್ವಲ್ಲಮ್ಮಾ. ಬೇಡ ಅಂತ ಹೋದ ವರ್ಷವೇ ಬಿಟ್ಟಿದ್ದಾರೆ." ನಾನು ನಕ್ಕೆ. "ಸರ್, ಅದು ಲೈಸೆನ್ಸಿಗೋಸ್ಕರ ಜೈಲಿಗೆ ಹೋದ ಎಲಿನೆಡ್ ಪ್ರಿಚರ್ಡ್ ಮನೆ!" ಅಂದೆ. ಅವರು ಮೂಗು ಒರೆಸಿಕೊಂಡು, "ಲೈಸೆನ್ಸ್ ಕಟ್ಟದೇ ಅಲ್ವಾ ಹೋಗಿದ್ದು? ಹಾಗಾದ್ರೆ ಈಗಲೂ ಅದನ್ನೇ ಮಾಡಿದ್ದಾರೆ," ಅಂದರು. ಪಾಪ, ಕುಹಕವೇನಲ್ಲ. ನೋಡುವುದಾದರೆ ನೀನೇ ಒಂದು ಮಾಡಿಸಿಕೋ, ಇಲ್ಲದಿದ್ದರೆ ನೋಡಬೇಡ ಅಂತ ಒಂದು ಹಾಳೆ ಕೊಟ್ಟು ಹೋದರು. ಬಾಗಿಲ ಹೊರಗೆ ಗೋಡೆಯ ಮೇಲೆ ಅಜ್ಜಿಯ ಫೋಟೋ ಇತ್ತು. ಅದರ ಪಕ್ಕದಲ್ಲೇ ಹೋದರು.

ಬುಧವಾರ ಕ್ಲಾಸು ಬಿಟ್ಟು, ಎರಡು ಬಸ್ಸು ಹತ್ತಿ ಬಾಲಾಕ್ಕೆ ಹೋದೆ. ಹೇಳದೇ ಹೋದೆ. ಹಿತ್ತಲ ಬಾಗಿಲು ತೆರೆದೇ ಇತ್ತು, ಒಲೆಯ ಮೇಲೆ ಮಾಂಸ ಆಲೂಗೆಡ್ಡೆ ಸಾರು ಕುದಿಯುತ್ತಿತ್ತು. ಅಜ್ಜಿ ಕಾಲು ಸ್ಟೂಲಿನ ಮೇಲಿಟ್ಟು ಟಿ.ವಿ. ನೋಡುತ್ತಿದ್ದಳು. ಅದರಲ್ಲಿ ಒಬ್ಬ ಮೀಸೆಯವನು ರೊಟ್ಟಿ ಅಂಗಡಿಯಲ್ಲಿ ನಿಂತು ತುರ್ಕಿ ಭಾಷೆಯಲ್ಲಿ ಅಳುತ್ತಿದ್ದ, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. "ಲೇ, ಬಂದ್ಯಾ! ಕೂತ್ಕೋ ಕೂತ್ಕೋ. ಇವನ ತಮ್ಮನೇ ಅಂಗಡಿಗೆ ಬೆಂಕಿ ಇಟ್ಟಿದ್ದು, ಇವನಿಗೆ ಇನ್ನೂ ಗೊತ್ತಿಲ್ಲ," ಅಂದಳು. ನನಗೆ ಬಂದ ಕೋಪ ನಿನಗೆ ಹೇಗೆ ಹೇಳಲಿ. ಲೈಸೆನ್ಸ್ ಎಲ್ಲಿ ಅಂತ ಕೇಳಿದೆ. ಬಿಟ್ಟೆ ಅಂದಳು, ಸಕ್ಕರೆ ಬಿಟ್ಟೆ ಅನ್ನುವ ಹಾಗೆ. ಚಂದಾ ಕಟ್ಟಿ ನೋಡುವ ಸೀರಿಯಲ್ಲಿಗೆ ಲೈಸೆನ್ಸ್ ಬೇಕಿಲ್ಲವಂತೆ. ಜೈಲಿಗೆ ಹೋದವಳು ನೀನು, ನಿನ್ನ ಫೋಟೋ ಅಂಟಿಸಿದ್ದೇವೆ ಅಂತ ಕೂಗಿದೆ. "ಏಳು ದಿನ ಜೈಲಲ್ಲಿದ್ದೆ ಅಂತ ಸಾಯೋತನಕ ಒಂದೇ ಚಾನೆಲ್ ನೋಡ್ಬೇಕೇನೇ? ಚಾನೆಲ್ ತಂದುಕೊಟ್ಟೆ, ನೀನು ನೋಡು. ನನಗೆ ಈ ಮೀಸೆಯವನು ಸಾಕು." ಪ್ರತಿ ಭಾನುವಾರ ನನ್ನ ಹತ್ತಿರ ಸುಳ್ಳು ಹೇಳಿದೆಯಲ್ಲ ಅಂದೆ. ಅದಕ್ಕೆ ಮಾತ್ರ ಎದ್ದು ಸಾರು ಕದಡಲು ಹೋದಳು.

ಅಷ್ಟರಲ್ಲಿ ಅವಳ ಫೋನು ಟಿಂಗ್ ಅಂತು. ಮೇಜಿನ ಮೇಲೇ ಇತ್ತು, ನನ್ನ ಕಣ್ಣೆದುರಿಗೇ. ನಿನ್ನ ಮೆಸೇಜು. "ಮೀಸೆಯವನಿಗೆ ಇನ್ನೂ ಗೊತ್ತಾಗಲಿಲ್ವಾ ಅಮ್ಮಾ?" ವೆಲ್ಷ್‌ನಲ್ಲಿ. ಫೋನು ಎತ್ತಿಕೊಂಡು ಹಿಂದಕ್ಕೆ ಹಿಂದಕ್ಕೆ ಓದಿದೆ, ಅದು ತಪ್ಪು, ಗೊತ್ತು. ಆ ತುರ್ಕಿ ಸೀರಿಯಲ್ಲಿನ ಚಂದಾ ನೀನು ಅವಳಿಗೆ ಹೋದ ಕ್ರಿಸ್ಮಸ್ಸಿನ ಹಿಂದಿನ ಕ್ರಿಸ್ಮಸ್ಸಿಗೆ ಕೊಡಿಸಿದ್ದು. ನೀನು ಮಸ್ಕತ್ತಿನಲ್ಲಿ, ಅವಳು ಬಾಲಾದಲ್ಲಿ, ಒಂದೇ ಕಂತು, ಒಂದೇ ಹೊತ್ತಿಗೆ. ಮೊದಮೊದಲು ಅವಳು ವೆಲ್ಷ್‌ನಲ್ಲಿ ಬರೆದರೆ ನೀನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿದ್ದೀಯ. ಆಮೇಲೆ ಒಂದು ಪದ, ಎರಡು ಪದ. ಈ ಚಳಿಗಾಲದಲ್ಲಿ ಪೂರಾ ವೆಲ್ಷ್. ನೂರಾರು ಮೆಸೇಜು, ಜೋಕು, ಬೈಗುಳ, "ಆ ಅತ್ತೆ ಮೂತಿ ನೋಡು" ಅಂತ. ಅಮ್ಮಾ, ನನಗೆ ಹದಿನೆಂಟು ವರ್ಷದಲ್ಲಿ ನೀನು ಒಂದು ಪದ ಕೊಡಲಿಲ್ಲ. ನಾನು ಟಿ.ವಿ. ಮುಂದೆ ಬಾಯಿ ಆಡಿಸುತ್ತಾ ಒಬ್ಬಳೇ ಕಲಿತೆ, ರಜೆಗೆ ಬಂದ ನೀನು ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಒಂದು ತಪ್ಪು ತಿದ್ದಲಿಲ್ಲ. ಮರೆತುಹೋಗಿದೆ ಅಂತ ನೀನು ಹೇಳಿದೆ. ಈಗ ಅಜ್ಜಿಯೂ ನೀನೂ ಸೇರಿ ನನಗೆ ಗೊತ್ತಾಗದ ಹಾಗೆ ಮನೆ ಮಾಡಿಕೊಂಡಿದ್ದೀರಿ, ನಾನು ಹೊರಗೆ ಬ್ಯಾಟರಿ ಉಳಿಸಿಕೊಂಡು ಕೂತಿದ್ದೇನೆ.

ಇದನ್ನೇ ಅಜ್ಜಿಗೂ ಹೇಳಿದೆ, ಇದಕ್ಕಿಂತ ಕೆಟ್ಟದಾಗಿ. ಅವಳು ಸೌಟು ಕೆಳಗಿಟ್ಟು ಹೇಳಿದ್ದನ್ನು ಬರೆಯಲೋ ಬೇಡವೋ ಅಂತ ಇವತ್ತು ಎರಡು ಸಲ ಎದ್ದು ಹೋಗಿ ಇಲ್ಲಿನ ವಿದ್ಯಾರ್ಥಿಗಳ ವಾಡಿಕೆಯಂತೆ ಸಮುದ್ರದಂಡೆಯ ಕೊನೆಯ ಕಂಬಿ ಒದ್ದು ಬಂದೆ. "ಬರೀತೀಯಾದರೆ ಬರಿ, ನನ್ನಿಂದ ಆಗಲ್ಲ," ಅಂತ ಅವಳೇ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಅವಳು ಜೈಲಿಗೆ ಹೋದಾಗ ನಿನಗೆ ಆರು ವರ್ಷ. ತಾತ ಹಡಗಿನ ಮೇಲಿದ್ದರು. ಚಾಪೆಲ್ಲಿನ ಹೆಂಗಸರೆಲ್ಲ ಜೈಲಿನ ಗೇಟಿಗೆ ಹಾಡಲು ಹೊರಟರು, ಊರಲ್ಲಿ ಮಗು ನೋಡಿಕೊಳ್ಳಲು ಉಳಿದವಳು ಪಕ್ಕದ ಮನೆಯ ಮಿಸೆಸ್ ಹಾರ್ಗ್ರೀವ್ಸ್ ಒಬ್ಬಳೇ, ಇಂಗ್ಲಿಷಿನವಳು. ಇಷ್ಟು ನಿನಗೆ ಗೊತ್ತಿರುತ್ತದೆ. ಮೂರನೇ ದಿನ ಜೈಲಿಗೆ ಫೋನು ಬಂತಂತೆ. ಮಗುವಿಗೆ ಮಂಗನಬಾವು, ಜ್ವರ ಏರಿದೆ, ಅಮ್ಮ ಬೇಕು ಅಂತ ಅಳುತ್ತಿದೆ ಅಂತ. ದಂಡ ಕಟ್ಟಿದರೆ ಸಂಜೆಯೊಳಗೆ ಮನೆಗೆ ಹೋಗಬಹುದು ಅಂದರಂತೆ. ಅವಳು ಕಟ್ಟಲ್ಲ ಅಂದಳು. "ಹೊರಗೆ ಹಾಡ್ತಿದ್ದರು ಕಣೇ. ಆ ಹಾಡು ಕೇಳ್ತಾ ಕೇಳ್ತಾ ಕಟ್ತೀನಿ ಅನ್ನೋಕೆ ನಾಲಿಗೆ ಏಳಲಿಲ್ಲ. ಇನ್ನೂ ನಾಲ್ಕು ದಿನ ಕೂತೆ." ಬಂದಾಗ ನೀನು ಹಾರ್ಗ್ರೀವ್ಸ್ ಮನೆಯ ಬಣ್ಣದ ಟಿ.ವಿ. ಮುಂದೆ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದೆಯಂತೆ. ಹೇಗಿದ್ದೀಯ ಕಂದಾ ಅಂತ ಕೇಳಿದರೆ, ಚೆನ್ನಾಗಿದ್ದೇನೆ, ಥ್ಯಾಂಕ್ಯೂ ಅಂದೆಯಂತೆ, ಇಂಗ್ಲಿಷಿನಲ್ಲಿ. "ಅಲ್ಲಿಂದ ಮುಂದೆ ನನ್ನ ಹತ್ತಿರ ಇಂಗ್ಲಿಷೇ. ಚಾನೆಲ್ ಬಂದ ದಿನ ಊರೆಲ್ಲ ನನ್ನ ಮನೇಲಿ ಕೂತು ನೋಡಿತು, ಅವಳು ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದಳು. ಆಮೇಲೆ ಪ್ರತಿ ವರ್ಷ ಲೈಸೆನ್ಸ್ ಕಟ್ಟಿದೆ, ಅವತ್ತು ಕಟ್ಟದ ದಂಡ ಅಂದುಕೊಂಡು. ಸಾಕಾಯ್ತು. ಈಗ ನಿಮ್ಮಮ್ಮ, ನನ್ನ ನೆರಿಸ್, ಮಾತಾಡ್ತಾಳೆ. ಸೀರಿಯಲ್ಲಿನ ಮಾತು ಬಿಟ್ಟು ಬೇರೆ ಮಾತಿಲ್ಲ, ಇರಲಿ. ಆ ಮೀಸೆಯವನು ಬಿಟ್ಟು ನನಗೆ ಬೇರೆ ದಾರಿ ಗೊತ್ತಿಲ್ಲ," ಅಂದಳು.

ನಾನು ಸಾರು ಕುಡಿಯದೇ ಬಂದುಬಿಟ್ಟೆ. ಬಸ್ಸಿನಲ್ಲಿ ಅತ್ತೆ. ಯಾರ ಮೇಲೆ ಕೋಪ ಮಾಡಿಕೊಳ್ಳಬೇಕು ಅಂತ ಇನ್ನೂ ತಿಳಿದಿಲ್ಲ. ಅವಳು ನಿನಗೆ ಮಾಡಿದ್ದು ದೊಡ್ಡದು, ಗೊತ್ತು. ನೀನು ನನಗೆ ಮಾಡಿದ್ದು ಅದರ ಮುಂದೆ ಚಿಕ್ಕದಿರಬಹುದು, ಆದರೆ ನನಗೆ ಆದದ್ದು ಅದೇ ತಾನೆ? ನಾನು ಇಷ್ಟು ಪ್ರೀತಿಸುವ ಚಾನೆಲ್ಲು ನಿನ್ನ ಜ್ವರದ ನಾಲ್ಕು ದಿನದಿಂದ ಬಂದದ್ದು ಅಂತ ನನಗೆ ಯಾರಾದರೂ ಹೇಳಬಹುದಿತ್ತು. ಇಫಾನ್‌ಗೆ ಏನೂ ಹೇಳಿಲ್ಲ. ಅವನನ್ನು ಕಂಡರೆ ಬಚ್ಚಲುಮನೆಗೆ ಹೋಗಿ ನಿಲ್ಲುತ್ತೇನೆ. ಲೈಸೆನ್ಸ್ ಬಿಟ್ಟವಳನ್ನು ಲೈಸೆನ್ಸ್ ಉಳಿಸಿ ಸಭೆಗೆ ಕರೆತಂದರೆ ನನ್ನನ್ನು ಈ ಹಾಸ್ಟೆಲ್ಲಿನಲ್ಲಿ ಯಾರು ಮಾತಾಡಿಸುತ್ತಾರೆ?

ಅಪ್ಪನಿಗೆ ನನ್ನ ಪ್ರೀತಿ ಹೇಳು, ಇದನ್ನು ಓದಿ ಹೇಳಬೇಡ, ಅವರಿಗೆ ಹೇಗೂ ಅರ್ಥವಾಗಲ್ಲ. ಬೆಕ್ಕಿಗೆ ಟಿನ್ನಿನ ಮೀನು ಜಾಸ್ತಿ ಹಾಕಬೇಡ. ಬೆನ್ನಿನ ವ್ಯಾಯಾಮ ಬಿಡಬೇಡ. ನಿನ್ನ ಮೇಲೆ ಕೋಪ ಇದೆ, ನೀನು ಬೇಕು ಅನ್ನಿಸುವುದೂ ಇದೆ, ಎರಡನ್ನೂ ಇದರಲ್ಲೇ ಕಳಿಸುತ್ತಿದ್ದೇನೆ.

ನಿನ್ನ
ಮೆಲೆರಿ

ಮರೆತ ಮಾತು: ಲಕೋಟೆ ಅಂಟಿಸುವ ಹೊತ್ತಿಗೆ ಅಜ್ಜಿಯ ಫೋನು ಬಂತು, ಅವಸರದಲ್ಲಿ ಬರೆಯುತ್ತಿದ್ದೇನೆ. ಸಭೆಗೆ ಬರುತ್ತಾಳಂತೆ. "ಆದರೆ ಆ ಫೋಟೋದೋಳಾಗಿ ಬರಲ್ಲ. ಲೈಸೆನ್ಸ್ ಬಿಟ್ಟಿದ್ದೂ ಹೇಳ್ತೀನಿ, ಮಂಗನಬಾವೂ ಹೇಳ್ತೀನಿ. ಚಾನೆಲ್ ಬೇಕು ಅನ್ನೋರಿಗೆ ಅದಕ್ಕೆ ಯಾರು ಏನು ಕೊಟ್ಟರು ಅಂತ ಗೊತ್ತಿರಲಿ. ಆದರೆ ಅದು ನೆರಿಸ್ ಕಥೆ, ನನ್ನದಲ್ಲ. ಅವಳು ಬೇಡ ಅಂದರೆ ಬಾಯಿ ಬಿಡಲ್ಲ." ನೀನೇ ಅಮ್ಮನನ್ನು ಕೇಳು, ದಿನಾ ಮೆಸೇಜ್ ಮಾಡ್ತೀಯಲ್ಲ ಅಂದೆ. ಫೋನು ಇಟ್ಟುಬಿಟ್ಟಳು. ಅದಕ್ಕೆ ನಾನು ಕೇಳುತ್ತಿದ್ದೇನೆ. ನೀನು ಬೇಡ ಅಂದರೆ ಅಜ್ಜಿಯನ್ನು ಕರೆಯುವುದಿಲ್ಲ. ಇಫಾನ್‌ಗೆ ನಾನೇ ಹೇಳುತ್ತೇನೆ, ಅವನು ಏನೆಂದರೂ ಸರಿ. ಆ ಸಲ ನಿನ್ನನ್ನು ಯಾರೂ ಕೇಳಲಿಲ್ಲ. ಮಾರ್ಚ್ ಒಂದರೊಳಗೆ ಹೂಂ ಅಂತಲೋ ಬೇಡ ಅಂತಲೋ ಒಂದು ಮಾತು ಬರಿ ಅಮ್ಮಾ, ಯಾವ ಭಾಷೆಯಲ್ಲಾದರೂ ಸರಿ.