ಇಂಟು ಗುರುತಿಲ್ಲದ ಓಟು

ಅಪ್ಪಾ,

ಗೆದ್ದೆ. ನನಗೆ ನಾನೂರ ಹನ್ನೆರಡು, ಡೆರೆಕ್ ಸ್ಟೋಬರ್ಟ್‌ಗೆ ನಾನೂರ ಹನ್ನೊಂದು. ನಲವತ್ತು ವರ್ಷ ನಮ್ಮ ವಾರ್ಡನ್ನು ಜೇಬಿನಲ್ಲಿಟ್ಟುಕೊಂಡಿದ್ದ ನಿನ್ನ ಪಕ್ಷ ಬಸ್ ಓಡಿಸುವ ಹೆಂಗಸಿನ ಮುಂದೆ ಸೋತಿತು.

"ಹಟಮಾರಿ, ಪಕ್ಷದ ಎದುರು ನಿಂತರೆ ನನ್ನ ಬಾಗಿಲು ತಟ್ಟಬೇಡ" ಅಂದಿದ್ದೆ. ತಟ್ಟಿಲ್ಲ. ಅದಕ್ಕೇ ಈ ಕಾಗದ. ಆಸ್ಪತ್ರೆಗೆ ಹೋಗುವ ಏಳನೇ ನಂಬರ್ ಬಸ್ಸನ್ನು ರದ್ದು ಮಾಡಿದ್ದು ನಿನ್ನ ಪಕ್ಷದವರೇ ಆದರೂ, ಅವರೆದುರು ನಿಲ್ಲಲು ಕಲಿಸಿದವನು ನೀನೇ. ಮುಷ್ಕರದ ವರ್ಷ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗಣಿಯ ಗೇಟಿಗೆ ಹೋದವನು ನೀನು.

ಎರಡು ಸಲ ಎಣಿಸಿದರೂ ಸರಿಸಮ ಬಂತು. ಉಳಿದದ್ದು ಅನುಮಾನದ ಒಂದೇ ಚೀಟಿ. ನನ್ನ ಹೆಸರಿನೆದುರಿನ ಚೌಕದಲ್ಲಿ ಹಾಕಬೇಕಾದ ಇಂಟು ಗುರುತಿರಲಿಲ್ಲ. "ಈ ಹಟಮಾರಿಗೆ" ಎಂದು ಬರೆದಿತ್ತು. ನೀನು ಪಂದ್ಯದ ಪಾರಿವಾಳಗಳ ಬುಟ್ಟಿಗಳ ಮೇಲೆ ಬರೆಯುತ್ತೀಯಲ್ಲ, ಅಂಥದೇ ದಪ್ಪ ಅಕ್ಷರ.

"ಇದೇನ್ರೀ, ಓಟೋ ಬೈಗುಳಾನೋ?" ಎಂದು ಡೆರೆಕ್ ಕೂಗಾಡಿದ.

"ಯಾರಿಗೆ ಅಂತ ಗೊತ್ತಾಗುತ್ತಲ್ಲ ಸ್ವಾಮಿ, ಓಟೇ" ಎಂದರು ಚುನಾವಣಾಧಿಕಾರಿ.

ಅದು ಯಾರದೆಂದು ನಾನು ಕೇಳುವುದಿಲ್ಲ. ಗುಪ್ತ ಮತದಾನಕ್ಕಾಗಿ ನಮ್ಮ ಹಿರಿಯರು ಹೋರಾಡಿದ್ದಾರೆ. ಬರೆದವರು ಮುಂದಿನ ಸಲ ಸುಮ್ಮನೆ ಇಂಟು ಹಾಕಲಿ.

ಮಂಗಳವಾರ ಸಂಜೆ ಆರಕ್ಕೆ ಕೌನ್ಸಿಲ್ಲಿನಲ್ಲಿ ನನ್ನ ಮೊದಲ ಸಭೆ. ಏಳನೇ ನಂಬರಿನ ಮಾತನ್ನೇ ಮೊದಲು ಎತ್ತುತ್ತೇನೆ. ಸಭೆ ನೋಡಲು ಬರುವ ಜನ ಕೂರಲು ಬೆಂಚಿದೆ. ಯೂನಿಯನ್ ಬಿಲ್ಲೆಯ ಕೋಟು ಹಾಕಿಕೊಂಡು ಸಿದ್ಧನಾಗಿರು. ಬಸ್ಸಂತೂ ಇಲ್ಲ, ಕಾರು ತರುತ್ತೇನೆ. ಬಾಗಿಲು ತಟ್ಟುವುದಿಲ್ಲ, ಹಾರ್ನ್ ಹೊಡೆಯುತ್ತೇನೆ.

ನಿನ್ನ ಮಗಳು,
ಕೌನ್ಸಿಲರ್ ಗ್ಲೆನಿಸ್