ಬಂದೂಕಿನ ಉಡಿ ಮತ್ತು ನಿಮ್ಮ ಸೋರುವ ಕೋಣೆ

ಬಂದೂಕಿನ ಪರವಾನಗಿ ಕೊಡುವ, ತಡೆಹಿಡಿಯುವ, ರದ್ದು ಮಾಡುವ ಸಕಲ ಅಧಿಕಾರವುಳ್ಳ ಮಾನ್ಯರೇ,

ನನ್ನ ಬಂದೂಕಿನ ನಳಿಗೆ ಸಿಡಿದು ಎಡಗೈ ಹೋದದ್ದಕ್ಕೆ ನನ್ನ ಹೆಂಡತಿಯ ಪೂಜೆಯೇ ಕಾರಣ ಎಂದು ನಿಮ್ಮ ಕಚೇರಿ ವರದಿ ಬರೆದಿದೆ. ‘ನಳಿಗೆಯೊಳಗೆ ಪೂಜಾ ಸಾಮಗ್ರಿ ಸಿಲುಕಿದ್ದರಿಂದ ಸ್ಫೋಟ ಸಂಭವಿಸಿರುತ್ತದೆ’ ಎಂಬ ಸಾಲನ್ನು ಬರೆದವರು ಪೆನ್ನು ಮುಚ್ಚಿಟ್ಟು ಚಹಾಕ್ಕೆ ಎದ್ದು ಹೋಗಿರಬಹುದು. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಸಿದ್ದವ್ವ ಆ ಸಾಲನ್ನು ಇವತ್ತಿಗೂ ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಾಳೆ. ಪರಿಹಾರ ಕೇಳಲು ಪೇಪರಿನ ಮೂಲಕ ಈ ಪತ್ರ ಬರೆಯುತ್ತಿಲ್ಲ. ಕೈಯನ್ನಂತೂ ನೀವು ಕೊಡಲಾರಿರಿ. ಯಾವ ಪರೀಕ್ಷೆಯನ್ನೂ ಮಾಡಿಸದೆ ಆ ಸಾಲನ್ನು ಬರೆದಿದ್ದೀರಿ, ಈಗಲಾದರೂ ಪರೀಕ್ಷೆ ಮಾಡಿಸಿ ಎಂದು ಕೇಳುತ್ತಿದ್ದೇನೆ. ಬರೆಯುವ ಬಲಗೈ ಉಳಿದುಕೊಂಡದ್ದು ತಮ್ಮ ದುರದೃಷ್ಟ.

ನಾನು ಬಸವನ ಬಾಗೇವಾಡಿ ತಾಲ್ಲೂಕಿನ ಗೊಳಸಂಗಿಯ ರೈತ. ಬಂದೂಕು ಅಪ್ಪನ ಕಾಲದ್ದು, ಒಂಟಿ ನಳಿಗೆಯದು, ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದದ್ದು. ಕಾಡುಹಂದಿಗಳನ್ನು ಕೊಲ್ಲುವ ಹಕ್ಕು ನನಗಿಲ್ಲ, ಆಸೆಯೂ ಇಲ್ಲ. ನಾನು ಗಾಳಿಗೆ ಒಂದು ಗುಂಡು ಹಾರಿಸುತ್ತೇನೆ, ಹಂದಿಗಳು ಪಕ್ಕದ ಕಾಸಿಂಸಾಬನ ಹೊಲಕ್ಕೆ ಹೋಗುತ್ತವೆ. ಅವನು ತಗಡಿನ ಡಬ್ಬಿ ಬಡಿಯುತ್ತಾನೆ, ಅವು ನನ್ನ ಹೊಲಕ್ಕೆ ವಾಪಸು ಬರುತ್ತವೆ. ಇಷ್ಟೇ ನಮ್ಮ ಯುದ್ಧ. ಆದರೆ ಚುನಾವಣೆ ಬಂತೆಂದರೆ ತಮಗೆ ಇದೇ ಬಂದೂಕಿನ ಭಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲ ಕಡೆಯ ನನ್ನಂಥವರು ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು, ಕಾಡತೂಸುಗಳ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಠಾಣೆಗೆ ಹೋಗಿ ಒಪ್ಪಿಸಿ ಬರುತ್ತೇವೆ. ಹಂದಿಗಳೇ ಸರಿಯಾಗಿ ಹೆದರದ ಬಂದೂಕಿಗೆ ಮತದಾರ ಹೆದರಿಯಾನೇ? ಹೋಗಲಿ, ಕಾನೂನು ಕಾನೂನೇ. ಒಪ್ಪಿಸಿದೆವು.

ಬೇಸಿಗೆಯಲ್ಲಿ ಒಪ್ಪಿಸಿದ್ದು ಮಳೆಗಾಲ ಮುಗಿದ ಮೇಲೆ ವಾಪಸು ಸಿಕ್ಕಿತು. ಚುನಾವಣೆ ಮುಗಿದು, ಗೆದ್ದವರ ಮೆರವಣಿಗೆ ಮುಗಿದು, ಸೋತವರ ಅಳು ಮುಗಿದರೂ ಬಿಡುಗಡೆಯ ಆದೇಶಕ್ಕೆ ಸಹಿ ಬೀಳಲಿಲ್ಲ. ಆಷಾಢ, ಶ್ರಾವಣ ಪೂರ್ತಿ ನನ್ನ ಬಂದೂಕು ಠಾಣೆಯ ಹಿಂದಿನ ಕೋಣೆಯಲ್ಲಿ ನೀರು ಕುಡಿಯಿತು. ಠಾಣೆಯ ಹೆಸರು ಬರೆಯುವುದಿಲ್ಲ, ಅಲ್ಲಿನ ಬಡಪಾಯಿಗಳನ್ನು ಸಿಕ್ಕಿಹಾಕಿಸುವ ಆಸೆ ನನಗಿಲ್ಲ. ಬಂದೂಕು ತೆಗೆದುಕೊಟ್ಟ ಪೇದೆ ಒಳ್ಳೆಯ ಹುಡುಗ. ಕಾಡತೂಸುಗಳ ರಟ್ಟಿನ ಡಬ್ಬಿ ನೆನೆದ ರೊಟ್ಟಿಯಂತೆ ಮೆತ್ತಗಾಗಿತ್ತು, ಹಿತ್ತಾಳೆಯ ತಳಗಳಿಗೆ ಹಸಿರು ಕಿಲುಬು ಹತ್ತಿತ್ತು. ತೋರಿಸಿ ಕೇಳಿದೆ.

“ಏನ್ ಮಾಡೂದು ಕಾಕಾ, ಮ್ಯಾಲ ಸೋರತೈತಿ, ಕೆಳಗ ಇಲಿ ಓಡ್ಯಾಡತಾವು. ನಮ್ಮ ಹಾಸಿಗಿನೂ ಅಲ್ಲೇ ಐತ್ರಿ. ನಿಮ್ಮ ಡಬ್ಬಿಗಿ ಬ್ಯಾರೆ ಗಾದಿ ಎಲ್ಲಿಂದ ತರೂನು? ಬಿಸಲಿಗೆ ಹಾಕ್ರಿ, ನೆಟ್ಟಗಾಗತಾವು” ಎಂದ.

ಅಂಗಳದಲ್ಲಿ ಮೆಣಸಿನಕಾಯಿಯ ಪಕ್ಕ ಅವುಗಳನ್ನೂ ಒಣಗಿಸಿದೆ. ಹೊಸ ಕಾಡತೂಸು ಕೊಳ್ಳಬೇಕಾದರೆ ಮತ್ತೆ ತಮ್ಮದೇ ಅಪ್ಪಣೆ ಬೇಕು. ಆ ಅಪ್ಪಣೆ ನನ್ನ ಕೈಸೇರುವಷ್ಟರಲ್ಲಿ ಹಂದಿಗಳೇ ನನ್ನ ಗೋವಿನಜೋಳದ ರಾಶಿ ಮಾಡಿ ಮುಗಿಸಿರುತ್ತವೆ. ಒದ್ದೆಯಾದ ಮದ್ದು ಒಣಗಿದಂತೆ ಕಂಡರೂ ಸತ್ತಿರುತ್ತದೆ ಎಂದು ನನಗೆ ಯಾರು ಹೇಳಬೇಕಿತ್ತು? ಪರವಾನಗಿಯ ಜೊತೆ ಷರತ್ತುಗಳ ದೊಡ್ಡ ಪಟ್ಟಿಯನ್ನೇ ಕೊಟ್ಟಿದ್ದೀರಿ. ಮದುವೆಯಲ್ಲಿ ಹಾರಿಸಬಾರದು, ಕುಡಿದು ಹಿಡಿಯಬಾರದು, ಯಾರಿಗೂ ಕೊಡಬಾರದು. ಗುಂಡು ಹಾರಿಸುವ ಮೊದಲು ನಳಿಗೆಯಲ್ಲಿ ಒಮ್ಮೆ ಬೆಳಕು ಹಾಯುತ್ತದೆಯೇ ನೋಡಿಕೋ ಎಂಬ ಒಂದು ಮಾತು ಅದರಲ್ಲಿಲ್ಲ.

ಬಂದೂಕು ಮನೆಗೆ ಬಂದದ್ದು ಆಯುಧಪೂಜೆಯ ಖಂಡೇನವಮಿಯ ಹಿಂದಿನ ದಿನ. ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ, ತಾವು ನಗಬಹುದು. ತವರಿಗೆ ಬಂದ ಮಗಳ ಸೆರಗಿಗೆ ಅಕ್ಕಿ, ಅಡಿಕೆ, ಉತ್ತತ್ತಿ, ಅರಿಶಿನ ಬೇರು ಹಾಕಿ ಉಡಿ ತುಂಬುವಂತೆ, ಠಾಣೆಯಿಂದ ಬಂದ ಬಂದೂಕಿಗೂ ಉಡಿ ತುಂಬುತ್ತೇವೆ. ನನ್ನ ಅವ್ವ ಶುರು ಮಾಡಿದ್ದು, ಸಿದ್ದವ್ವ ನಡೆಸಿಕೊಂಡು ಬಂದಳು. “ಇಷ್ಟ ತಿಂಗಳು ಮಂದೀ ಮನ್ಯಾಗ ಇದ್ದು ಬಂದೈತಿ, ಬರಿಗೈಲೆ ಹೆಂಗ ಒಳಗ ಕರಕೊಳ್ಳೂದ್ರಿ?” ಎನ್ನುತ್ತಾಳೆ. ಬಂದೂಕನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಕುಂಕುಮ ಹಚ್ಚಿ, ಮೇಲಿನಿಂದ ಅಕ್ಷತೆ ಹಾಕಿದಳು. ಉಡಿಯನ್ನು ನಳಿಗೆಯ ಬಾಯಿಗೆ ಮುಟ್ಟಿಸಿ, ಒಂದು ಕುಪ್ಪಸದ ಖಣದಲ್ಲಿ ಗಂಟು ಕಟ್ಟಿ ಬಂದೂಕಿನ ಹೆಗಲ ಪಟ್ಟಿಗೆ ಬಿಗಿದಳು. ಪೂಜೆಯಾದ ಬಂದೂಕನ್ನು ಮೊದಲ ಗುಂಡು ಹಾರುವವರೆಗೆ ಒರೆಸಬಾರದು ಎಂಬುದೂ ನಮ್ಮ ಮನೆಯ ಕಟ್ಟಳೆ.

ನವಮಿಯ ಸಂಜೆ ಹೊತ್ತು ಮುಳುಗುವಾಗ ಹೊಲಕ್ಕೆ ಹೋದೆ. ಬಂದೂಕು ವಾಪಸು ಬಂದ ಮೇಲಿನ ಮೊದಲ ಗುಂಡು ಕೇಳಲು ಸುತ್ತಲಿನ ಹೊಲದವರೂ ಬದುವಿನ ಮೇಲೆ ಬಂದು ನಿಂತಿದ್ದರು. ಪಟ್ಟಿಯಲ್ಲಿದ್ದ ಗಂಟನ್ನು ಬಿಚ್ಚಿ ಸಿದ್ದವ್ವನ ಕೈಗೆ ಕೊಟ್ಟೆ. ನಳಿಗೆ ಬಾಗಿಸಿ ಕಾಡತೂಸು ತುಂಬಿದೆ, ಆಕಾಶಕ್ಕೆ ಹಿಡಿದು ಕುದುರೆ ಎಳೆದೆ. ‘ಠುಸ್’ ಎಂದಿತು. ಸೀಸದ ಕಾಳುಗಳು ಎಲೆಅಡಿಕೆ ಉಗುಳಿದಂತೆ ನನ್ನ ಕಾಲ ಮುಂದೆಯೇ ಬಿದ್ದವು. ಎಲ್ಲರೂ ನಕ್ಕರು. “ಪರಪ್ಪಣ್ಣಾ, ಠಾಣೇದಾಗ ಇದಕ್ಕ ಉಪವಾಸ ಕೆಡವಿದ್ರೇನೋ!” ಎಂದು ಕಾಸಿಂಸಾಬ ಕೂಗಿದ. ನಾನೂ ನಕ್ಕೆ. ಖಾಲಿ ಕಾಡತೂಸು ತೆಗೆದು ಇನ್ನೊಂದು ತುಂಬಿದೆ. ನಮ್ಮಲ್ಲಿ ಮೊದಲ ಗುಂಡು ಹುಸಿಯಾದರೆ ನಗೆ ಆರುವ ಮೊದಲೇ ಇನ್ನೊಂದು ಹಾರಿಸಬೇಕು, ಇಲ್ಲದಿದ್ದರೆ ವರ್ಷಪೂರ್ತಿ ಅದೇ ಮಾತು. ಎರಡನೆಯದು ಹಾರಲಿಲ್ಲ. ನಳಿಗೆಯೇ ನನ್ನ ಎಡಗೈಯೊಳಗೆ ಸಿಡಿಯಿತು.

ಮಣಿಕಟ್ಟಿನ ಕೆಳಗೆ ಏನೂ ಉಳಿಯಲಿಲ್ಲ. ನಕ್ಕಿದ್ದ ಕಾಸಿಂಸಾಬನೇ ತನ್ನ ರುಮಾಲು ಬಿಗಿದು, ಅಳುತ್ತಲೇ ನನ್ನನ್ನು ವಿಜಯಪುರದ ಆಸ್ಪತ್ರೆಗೆ ಮುಟ್ಟಿಸಿದ.

ನಿಮ್ಮ ತನಿಖೆಯವರು ಬಂದಾಗ ನಾನಿನ್ನೂ ಆಸ್ಪತ್ರೆಯಲ್ಲಿದ್ದೆ. ಮನೆಯಲ್ಲಿ ಸಿಕ್ಕವಳು ಸಿದ್ದವ್ವ. ಆಕೆಗೆ ಮುಚ್ಚಿಡುವುದು ಗೊತ್ತಿಲ್ಲ. ಪೂಜೆ ಮಾಡಿದೆ, ಅಕ್ಷತೆ ಹಾಕಿದೆ, ಉಡಿ ತುಂಬಿದೆ ಎಂದು ಒಂದೊಂದಾಗಿ ಹೇಳಿದಳು. ಬಂದ ಸಾಹೇಬರು “ಬಂದೂಕಿಗೆ ಉಡಿನಾ?” ಎಂದು ನಕ್ಕರಂತೆ. ಅಲ್ಲಿಗೆ ತನಿಖೆ ಮುಗಿಯಿತು. ಸಿಡಿದ ನಳಿಗೆಯ ಚೂರಿನ ಮೇಲೆ ಅರಿಶಿನ ಕಂಡಿತಂತೆ. ಪೂಜೆ ಮಾಡಿದ ಬಂದೂಕಿನ ಮೇಲೆ ಅರಿಶಿನ ಕಾಣದೆ ಇನ್ನೇನು ಕಾಣಬೇಕಿತ್ತು?

ಸ್ವಾಮಿ, ನಾನು ಬಂದೂಕಿನ ಪಂಡಿತನಲ್ಲ. ಆಮೇಲೆ ಅವರಿವರನ್ನು ಕೇಳಿ ತಿಳಿದುಕೊಂಡೆ, ತಾವು ಕೇಳಬಹುದಿತ್ತು. ಕಾಡತೂಸಿನಲ್ಲಿ ಮದ್ದಿಗೂ ಸೀಸದ ಕಾಳುಗಳಿಗೂ ನಡುವೆ ಒಂದು ದಪ್ಪ ಬಿಲ್ಲೆ ಇರುತ್ತದೆ. ಮದ್ದು ಚೆನ್ನಾಗಿದ್ದರೆ ಅದೂ ಗುಂಡಿನ ಜೊತೆ ಹೊರಗೆ ಹಾರಿಹೋಗುತ್ತದೆ. ಮದ್ದು ತೇವವಾಗಿದ್ದರೆ ನೂಕುವ ಬಲ ಸಾಲದೆ ನಳಿಗೆಯ ನಡುವೆ ಬೂಚಿನಂತೆ ಕೂತುಬಿಡುತ್ತದೆ. ಹಿಂದೆಯೇ ಬಂದ ಇನ್ನೊಂದು ಗುಂಡಿಗೆ ದಾರಿ ಇರುವುದಿಲ್ಲ. ನನ್ನ ಮೊದಲ ಗುಂಡು ಠುಸ್ ಎಂದದ್ದನ್ನು ಬದುವಿನ ಮೇಲಿದ್ದವರೆಲ್ಲ ಕೇಳಿದ್ದಾರೆ. ನಿಮ್ಮ ವರದಿಯಲ್ಲಿ ಮೊದಲ ಗುಂಡೇ ಇಲ್ಲ. ಅಕ್ಕಿ ಕಾಳೋ ಅರಿಶಿನವೋ ಒಳಗೆ ಬಿದ್ದಿದ್ದರೂ ನಾನು ಎರಡು ಸಲ ನಳಿಗೆ ಬಾಗಿಸಿ ತುಂಬಿದಾಗ ಬಾಯಿಯಿಂದ ಉದುರಿ ಹೋಗಬೇಕಿತ್ತಲ್ಲವೇ? ಅದೇ ಡಬ್ಬಿಯ ಉಳಿದ ಕಾಡತೂಸುಗಳನ್ನು ಒಡೆದು ನೋಡಿದ್ದರೆ ಎಲ್ಲ ತಿಳಿಯುತ್ತಿತ್ತು. ಅವನ್ನು ಸಾಕ್ಷ್ಯವೆಂದು ಜಪ್ತಿ ಮಾಡಿ ಎಲ್ಲಿಟ್ಟಿದ್ದೀರಿ ಗೊತ್ತೇ? ಅದೇ ಸೋರುವ ಕೋಣೆಯಲ್ಲಿ. ಈ ನಡುವೆ ತಮ್ಮಿಂದ ಎರಡು ನೋಟಿಸು ಬಂದವು. ಒಂದು, ನಿರ್ಲಕ್ಷ್ಯಕ್ಕಾಗಿ ನನ್ನ ಪರವಾನಗಿಯನ್ನು ಏಕೆ ರದ್ದು ಮಾಡಬಾರದು ಎಂದು. ಇನ್ನೊಂದು, ಮುಂಬರುವ ಚುನಾವಣೆಯ ಪ್ರಯುಕ್ತ ಬಂದೂಕನ್ನು ಕೂಡಲೇ ಠಾಣೆಗೆ ಒಪ್ಪಿಸಬೇಕು ಎಂದು. ತಮ್ಮ ಹತ್ತಿರವೇ ಚೂರುಚೂರಾಗಿ ಬಿದ್ದಿರುವ ಬಂದೂಕನ್ನು ನಾನು ಎಲ್ಲಿಂದ ತಂದು ಒಪ್ಪಿಸಲಿ?

ಇವೆಲ್ಲವನ್ನೂ ಸಿದ್ದವ್ವನಿಗೆ ಹೇಳಿ ಸೋತಿದ್ದೇನೆ. ನಾನು ಆಸ್ಪತ್ರೆಯಿಂದ ಬರುವ ಮೊದಲೇ ಆಕೆ ಉಡಿಯ ಗಂಟನ್ನು ಬಿಚ್ಚಿ ನೋಡಿದ್ದಳು. “ಐದು ಅರಿಶಿನ ಬೇರು ಹಾಕಿದ್ನಿ, ನಾಕ ಅದಾವ್ರಿ” ಎಂದಳು. ಇಲಿ ಎಳೆದುಕೊಂಡು ಹೋಗಿರಬೇಕು ಎಂದೆ. ಮೊದಲೇ ನಾಲ್ಕು ಹಾಕಿರಬೇಕು ಎಂದೆ. ನಳಿಗೆ ಬಾಗಿಸಿದಾಗ ಬೀಳಬೇಕಿತ್ತಲ್ಲ ಎಂದೆ. “ಒಳಗ ಪಸಿ ಇತ್ತು, ಅಂಟಕೊಂಡಿದ್ರ?” ಎಂದು ಕೇಳಿದಳು. ಆಮೇಲೆ ನಿಮ್ಮ ವರದಿ ಬಂತು. ನಾನು ಹೇಳುವುದು ಗಂಡನ ಸಮಾಧಾನದ ಮಾತು, ವರದಿ ಹೇಳುವುದು ಸರ್ಕಾರದ ಮಾತು. ಯಾವುದನ್ನು ನಂಬಬೇಕು ಆಕೆ? ನನಗೆ ಊಟಕ್ಕೆ ಬಡಿಸುವಾಗ ನನ್ನ ಎಡಗೈಯ ಕಡೆ ನೋಡುವುದೇ ಇಲ್ಲ. ಸಿಟ್ಟು ಮಾಡಿದೆ, ನಗಿಸಿದೆ, ದೇವರ ಮೇಲೆ ಆಣೆ ಇಟ್ಟೆ. ನನ್ನಿಂದ ಆಗುತ್ತಿಲ್ಲ.

ನಮ್ಮ ಮಗಳು ಭಾಗ್ಯಜ್ಯೋತಿಯನ್ನು ದೇವರ ಹಿಪ್ಪರಗಿಗೆ ಕೊಟ್ಟಿದ್ದೇವೆ. ಈಗ ಬಸುರಿ, ಬರುವ ತಿಂಗಳು ಕುಬಸ, ಅಂದರೆ ಸೀಮಂತ. ಅವತ್ತು ಮಗಳಿಗೆ ಮೊದಲ ಉಡಿಯನ್ನು ತಾಯಿಯೇ ತುಂಬಬೇಕು. ಸಿದ್ದವ್ವ ಒಲ್ಲೆ ಎನ್ನುತ್ತಾಳೆ. “ನನ್ನ ಕೈಯಿಂದ ಬ್ಯಾಡ್ರಿ. ನಾ ತುಂಬಿದ ಉಡಿ ಏನ್ ಮಾಡಿತು ನೋಡಿರಲ್ಲ. ಹೊಟ್ಯಾಗ ಕೂಸೈತಿ ಆಕಿಗಿ.” ಮಗಳು ಫೋನಿನಲ್ಲಿ ಅತ್ತಳು, “ಯವ್ವಾ, ನೀ ತುಂಬಲಿಲ್ಲಂದ್ರ ನನಗ ಕುಬಸನ ಬ್ಯಾಡ” ಎಂದಳು. ಸಿದ್ದವ್ವ ಫೋನನ್ನು ನನ್ನ ಕೈಗೆ ಕೊಟ್ಟು ಎದ್ದು ಹಿತ್ತಲಿಗೆ ಹೋದಳು. ಒಂದು ಕಚೇರಿಯ ಒಂದು ಸಾಲಿಗೆ ಇಷ್ಟು ದೂರ ಬರುವ ಶಕ್ತಿಯಿದೆ ಎಂದು ತಮಗೆ ಗೊತ್ತಿರಲಿಕ್ಕಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಉಳಿದ ಕಾಡತೂಸುಗಳನ್ನೂ ನಳಿಗೆಯ ಚೂರುಗಳನ್ನೂ ಆ ಕೋಣೆಯಿಂದ ಹೊರಗೆ ತೆಗೆಯಿರಿ, ಬಲ್ಲವರಿಂದ ಪರೀಕ್ಷೆ ಮಾಡಿಸಿರಿ, ಕುಬಸಕ್ಕೆ ಮೊದಲು ಮಾಡಿಸಿರಿ. ತಪ್ಪು ಮದ್ದಿನದೆಂದು ತಿಳಿದುಬಂದರೆ ಅದನ್ನು ಬರೆದು, ಮುದ್ರೆ ಒತ್ತಿ, ಸಿದ್ದವ್ವನ ಹೆಸರಿಗೇ ಅಂಚೆಯಲ್ಲಿ ಕಳಿಸಿರಿ. ನನ್ನ ಪರವಾನಗಿಯನ್ನು ಬೇಕಾದರೆ ಅದೇ ದಿನ ರದ್ದು ಮಾಡಿರಿ, ತಕರಾರು ತೆಗೆಯುವುದಿಲ್ಲ.

ಮಾನ್ಯರೇ, ಇಷ್ಟೆಲ್ಲ ವಾದ ಮಾಡಿದವನಿಗೂ ಒಳಗೊಂದು ಭಯವಿದೆ. ಆ ಬೇರು ನಿಜವಾಗಿಯೂ ನಳಿಗೆಯೊಳಗೇ ಇದ್ದಿದ್ದರೆ? ಪರೀಕ್ಷೆಯಲ್ಲಿ ಹಾಗೆ ಬಂದರೆ ದಯವಿಟ್ಟು ಮನೆಗೆ ಏನನ್ನೂ ಕಳಿಸಬೇಡಿ. ನನಗೊಂದು ಫೋನು ಮಾಡಿಸಿರಿ, ನಾನೇ ಬರುತ್ತೇನೆ. ತಮ್ಮ ಮುಂದೆಯೇ ಓದಿ, ತಮ್ಮ ಮೇಜಿನ ಮೇಲೆಯೇ ಬಿಟ್ಟು ಬರುತ್ತೇನೆ. ಮನೆಗೆ ಹೋಗಿ, ಕಾಡತೂಸಿನದೇ ತಪ್ಪಂತೆ, ಸಾಹೇಬರೇ ಬಾಯಿಬಿಟ್ಟು ಹೇಳಿದರು ಎನ್ನುತ್ತೇನೆ. ಆಕೆ ಮುಂದೆಂದಾದರೂ ಕೇಳಿದರೆ ತಾವೂ ಹಾಗೆಯೇ ಹೇಳಬೇಕು. ಈ ಪತ್ರ ಅಚ್ಚಾದ ದಿನ ನಮ್ಮ ಮನೆಗೆ ಪೇಪರು ಹಾಕಬೇಡ ಎಂದು ಪೇಪರಿನವನಿಗೆ ಹೇಳಿಟ್ಟಿದ್ದೇನೆ.

ಇಂತಿ,
ತಮ್ಮ ಕಡತದಲ್ಲಿ ನಿರ್ಲಕ್ಷ್ಯದ ಪರವಾನಗಿದಾರ,
ಮನೆಯಲ್ಲಿ ಸಿದ್ದವ್ವನ ಗಂಡ,
ಪರಪ್ಪ, ಗೊಳಸಂಗಿ