ಬಾಗಿಲ ಮೇಲಿನ ಆ ಸಾಲನ್ನು ಅಳಿಸಿಬಿಡಿ

ಕುಸುಬಿಹಾಳ
ಫೆಬ್ರವರಿ ಮೂವತ್ತು, ೨೧೫೧

ಹುಲಿಗೆವ್ವ ಅವರಿಗೆ ಫಕೀರವ್ವ ಮಾಡುವ ಶರಣು ಶರಣಾರ್ಥಿ.

ದಿನಾಂಕ ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಉಳಿದ ತಿಂಗಳುಗಳಿಂದ ಕಿತ್ತು ಇದಕ್ಕೆ ಸೇರಿಸಿ, ಎಲ್ಲ ತಿಂಗಳಿಗೂ ನ್ಯಾಯ ಸಿಕ್ಕಿತು ಎಂದು ಸರ್ಕಾರದವರು ಡಂಗುರ ಹೊಡೆಸಿದರು. ತಿಂಗಳುಗಳಿಗೆ ಸಿಕ್ಕಿತು, ಸರಿ. ಹೆಂಗಸರ ಮಾತು ಮುಂದೆ ಬರುತ್ತದೆ. ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದು. ನೀವು ನನ್ನ ಮುತ್ತಜ್ಜಿಯ ಅಜ್ಜಿ. ಆದರೆ ಈ ಓಲೆ ನಿಮ್ಮ ಕೈ ಸೇರುವಾಗ ನಿಮಗಿನ್ನೂ ಮೂವತ್ತರ ಹರೆಯ, ನನಗೆ ಐವತ್ತು ದಾಟಿದೆ. ನಂಟಿನಲ್ಲಿ ನೀವು ಹಿರಿಯರು, ವಯಸ್ಸಿನಲ್ಲಿ ನನ್ನ ಕಿರಿಯ ತಂಗಿಯಂತೆ. ಆದ್ದರಿಂದ ನಡುನಡುವೆ ಗದರಿದರೆ ಸಹಿಸಿಕೊಳ್ಳಿ. ನಾನು ಸಿಟ್ಟಿನಲ್ಲಿದ್ದೇನೆ. ಒಂದಷ್ಟು ಸಿಟ್ಟು ನಿಮ್ಮ ಮೇಲೂ ಇದೆ.

ಇದಕ್ಕೆ ಹಿಂದೋಲೆ ಎನ್ನುತ್ತಾರೆ, ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. ಹೇಗೆ ಹೋಗುತ್ತದೆ ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ತಂತಿಯಲ್ಲಿ ಕರೆಂಟು ಹೇಗೆ ಹರಿಯುತ್ತದೆ ಎಂದು ತಿಳಿದುಕೊಂಡೇ ನೀವು ಬಲ್ಬು ಹಾಕುತ್ತೀರಾ? ಒಬ್ಬರಿಗೆ ಬದುಕಿನಲ್ಲಿ ಒಂದೇ ಹಿಂದೋಲೆ. ಅದು ತಲುಪಿತೋ ಇಲ್ಲವೋ ಎಂದು ಹೇಳುವವರೂ ಇಲ್ಲ. ನಮ್ಮೂರ ಗಂಡಸರು ಹೆಚ್ಚಾಗಿ ಅಜ್ಜಂದಿರಿಗೆ ಬರೆದು, ರಸ್ತೆ ಪಕ್ಕದ ಹೊಲ ಮಾರಬೇಡಿ ಎಂದು ಬೇಡಿಕೊಳ್ಳುತ್ತಾರೆ. ನನ್ನ ಮಗಳು ಕೂಡ ಹೊಲದ ವಿಷಯವನ್ನೇ ಬರೆ ಎಂದಳು. ನಾನು ಒಂದು ಬಾಗಿಲಿಗಾಗಿ ಬರೆಯುತ್ತಿದ್ದೇನೆ.

ನೀವು ಮತ್ತು ನಿಮ್ಮ ಮೂವರು ಗೆಳತಿಯರು ಈ ವಾರ ಹಳೆಯ ಬೀಜದ ಗೋದಾಮಿನ ಪಕ್ಕದ ಕೋಣೆಗೆ ಸುಣ್ಣ ಹೊಡೆಯುತ್ತಿದ್ದೀರಿ. ಮನೆಯಲ್ಲಿ ಹೊಡೆತ ತಿಂದ ಹೆಂಗಸು ಬಂದು ಕೂರಲು, ಎರಡು ದಿನ ಮಲಗಲು, ಬಿಸಿ ರೊಟ್ಟಿ ತಿಂದು ಮುಂದೇನು ಎಂದು ಯೋಚಿಸಲು ಒಂದು ಕೋಣೆ. ಬೇಕೆಂದರೆ ಅವಳ ಜೊತೆ ಠಾಣೆಗೋ ಕೋರ್ಟಿಗೋ ತವರಿಗೋ ಹೋಗಲು ಒಬ್ಬರು. ಈ ಕೆಲಸ ಇಂದಿಗೂ ನಡೆದಿದೆ, ಈಗ ಅದನ್ನು ಮಾಡುವವಳು ನಾನು. ಊರಿಗೆ ಉಪಕಾರ, ಹೆಣಕ್ಕೆ ಶೃಂಗಾರ ಎಂಬ ಮಾತನ್ನು ನೀವೂ ಕೇಳಿರುತ್ತೀರಿ, ನಾನೂ ಕೇಳುತ್ತೇನೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬುದನ್ನಂತೂ ವಾರಕ್ಕೊಮ್ಮೆ ಯಾರಾದರೂ ನನಗೆ ಹೊಸದಾಗಿ ಕಲಿಸುತ್ತಾರೆ. ನಿಮ್ಮ ಕಾಲದ ಗುಬ್ಬಚ್ಚಿ ಹೋಯಿತು, ಹಳ್ಳದ ಮೀನು ಹೋಯಿತು, ಕಾಗದದ ನೋಟು ಹೋಯಿತು. ಈ ಗಾದೆಗೆ ಮಾತ್ರ ಸಾವಿಲ್ಲ.

ನಮ್ಮ ದಿನಗಳ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಿಸಿಲು ಈಗ ಮನುಷ್ಯರು ತಡೆಯುವಂಥದ್ದಲ್ಲ. ಓಣಿಗಳ ಮೇಲೆಲ್ಲ ಬಿಳಿ ಬಟ್ಟೆಯ ನೆರಳುಚಪ್ಪರ ಕಟ್ಟಿದ್ದಾರೆ. ಹೊಲದ ಕೆಲಸ ನಸುಕಿನಲ್ಲಿ ಶುರುವಾಗಿ ಹನ್ನೊಂದಕ್ಕೆ ಮುಗಿಯುತ್ತದೆ. ಅಲ್ಲಿಂದ ನಾಲ್ಕರವರೆಗೆ ಮುಚ್ಚುಹೊತ್ತು. ಆ ಹೊತ್ತಿನಲ್ಲಿ ಎಲ್ಲ ಮನೆಗಳೂ ಬಾಗಿಲು ಹಾಕಿಕೊಂಡು ಒಳಗಿರಬೇಕು, ಹೊರಗೆ ಸಿಕ್ಕವರಿಗೆ ದಂಡ. ಬಿಸಿಲಿನಿಂದ ಜೀವ ಉಳಿಸಲು ಮಾಡಿದ ಒಳ್ಳೆಯ ಕಾಯಿದೆಯೇ. ಆದರೆ ದಿನಕ್ಕೆ ಐದು ತಾಸು ಯಾರ ಜೊತೆ ಒಳಗಿರಬೇಕು ಎಂಬುದನ್ನು ಕಾಯಿದೆ ಬರೆದವರು ಯೋಚಿಸಲಿಲ್ಲ.

ಯೋಚಿಸಿದ ಮೇಲೆ ತಂದದ್ದು ಇನ್ನೂ ಚೆಂದ. ಪ್ರತಿ ಮನೆಯ ಗೋಡೆಗೆ ಒಂದು ಶಾಂತಿಮಾಪಕ ಬಡಿದರು. ಊರವರು ಅದಕ್ಕೆ ಗೋಡೆಕಿವಿ ಎನ್ನುತ್ತೇವೆ. ಅದು ಮನೆಯ ಸದ್ದು ಕೇಳುತ್ತದೆ. ಚೀರಾಟ, ಅಳು, ಪಾತ್ರೆ ಎಸೆದ ಸಪ್ಪಳ ಕೇಳಿದರೆ ಹೊಸ್ತಿಲ ಮೇಲೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು. ಕೆಂಪು ಹತ್ತಿದ ಮನೆಗೆ ಆ ವಾರ ನೀರು ಅರ್ಧ. ಹೊಡೆಯುವವನಿಗೆ ಬುದ್ಧಿ ಬರಲಿ ಎಂದು ಹೀಗೆ ಮಾಡಿದರಂತೆ. ಬುದ್ಧಿ ಬಂತು. ಗಂಡಸರು ಸದ್ದಿಲ್ಲದೆ ಹೊಡೆಯಲು ಕಲಿತರು. ಒದ್ದೆ ಟವೆಲ್ಲಿಗೆ ಸದ್ದಿಲ್ಲ, ಬೆರಳು ತಿರುಚಿದರೆ ಸದ್ದಿಲ್ಲ. ಸೊಸೆ ಅತ್ತರೆ ನೀರು ಹೋಗುತ್ತದೆಂದು ಅತ್ತೆಯೇ ಬಂದು ಅವಳ ಬಾಯಿ ಮುಚ್ಚುತ್ತಾಳೆ. ಹೀಗೆ ನಮ್ಮೂರಿನ ಎಲ್ಲ ಮನೆಗಳ ಮೇಲೂ ಒಂದು ವರ್ಷ ಹಸಿರು ದೀಪ ಉರಿಯಿತು. ನೋಡಲು ದೀಪಾವಳಿಯೇ.

ಆ ಕಿವಿಗೆ ಕೇಳದ್ದು ನಮಗೆ ಕೇಳುತ್ತದೆ, ಅದಕ್ಕೆ ಕಾರಣ ನೀವು. ದೀಪ ಹಚ್ಚಿದ ಮೇಲೆ ಹೆಪ್ಪು ಕೇಳುವ ಉಪಾಯ ನಿಮ್ಮದೇ ಅಲ್ಲವೇ? ಮುಸ್ಸಂಜೆಯ ನಂತರ ಹಾಲು, ಮೊಸರು, ಹೆಪ್ಪು ಮನೆಯಿಂದ ಹೊರಗೆ ಕೊಡಬಾರದು, ಕೇಳಲೂಬಾರದು. ಅದನ್ನು ತಿಳಿದೂ ಒಬ್ಬಳು ಬಟ್ಟಲು ಹಿಡಿದು ಬಂದಳೆಂದರೆ ಅವಳ ಮನೆಯಲ್ಲಿ ಏನೋ ನಡೆದಿದೆ. ಈಗ ಕೊಡುವಂತಿಲ್ಲ, ಬೆಳಿಗ್ಗೆ ನಾನೇ ತರುತ್ತೇನೆ ಎನ್ನಬೇಕು. ಬೆಳಿಗ್ಗೆ ಗಂಡ ಹೊಲಕ್ಕೆ ಹೋದಾಗ ಹೆಪ್ಪಿನ ನೆಪದಲ್ಲಿ ಅವಳ ಅಡುಗೆಮನೆಗೆ ಹೋಗಿ ಕೂರಬೇಕು. ನಮ್ಮ ಕಾಲದಲ್ಲಿ ಮೊಸರು ರೇಷನ್ ಡಬ್ಬಿಯಲ್ಲೇ ಸಿದ್ಧವಾಗಿ ಬರುತ್ತದೆ. ಆದರೂ ಕುಸುಬಿಹಾಳದ ಹೆಂಗಸರು ಮನೆಯಲ್ಲೇ ಹೆಪ್ಪು ಹಾಕುತ್ತಾರೆ. ಹಳೇ ಕಾಲದ ಗೀಳು ಎಂದು ಗಂಡಸರು ನಗುತ್ತಾರೆ. ನಗಲಿ.

ಇಷ್ಟು ಬುದ್ಧಿವಂತರಾದ ನೀವು ಬಾಗಿಲ ಮೇಲೆ ಆ ಸಾಲನ್ನು ಯಾಕೆ ಬರೆದಿರಿ? ನೀಲಿ ಬಣ್ಣದಲ್ಲಿ, ದಪ್ಪ ಅಕ್ಷರದಲ್ಲಿ: ‘ಈ ಬಾಗಿಲು ಮುಚ್ಚುವ ದಿನ ಬೇಗ ಬರಲಿ.’ ನಿಮ್ಮ ಮನಸ್ಸು ನನಗೆ ಗೊತ್ತಾಗುತ್ತದೆ. ಇಂಥ ಕೋಣೆಯ ಅಗತ್ಯವೇ ಇಲ್ಲದ ಕಾಲ ಬರಲಿ ಎಂದು ಹರಸಿದಿರಿ. ಪ್ರತಿ ಯುಗಾದಿಗೆ ಸುಣ್ಣ ಬಳಿದು ಆ ಅಕ್ಷರಗಳನ್ನು ತಿದ್ದುವುದು ಇಲ್ಲಿ ಪದ್ಧತಿಯಾಯಿತು. ಗೋಡೆ ಬಿದ್ದು ಮತ್ತೆ ಕಟ್ಟಿದಾಗಲೂ ಮೊದಲು ಆ ಸಾಲನ್ನೇ ಬರೆದರಂತೆ. ನೀವು ನಾಲ್ವರೂ ಸಾಯುವ ತನಕ ಎಷ್ಟು ಹೆಂಗಸರನ್ನು ಕಾಪಾಡಿದಿರೋ, ಅದು ಯಾರಿಗೂ ನೆನಪಿಲ್ಲ. ಆ ಒಂದು ಸಾಲು ಮಾತ್ರ ಎಲ್ಲರ ಬಾಯಲ್ಲಿದೆ.

ವರ್ಷವಿಡೀ ಹಸಿರು ಉರಿದ ಮೇಲೆ ಜಿಲ್ಲೆಯಿಂದ ನಿರುಪಮಾ ಎಂಬ ಅಧಿಕಾರಿ ಬಂದರು. ಒಳ್ಳೆಯ ಹುಡುಗಿ, ಕೆಟ್ಟವಳಲ್ಲ. ಅದೇ ನನಗೆ ತಲೆನೋವು, ಕೆಟ್ಟವಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಚಾವಡಿಯಲ್ಲಿ ಊರ ಸಭೆ ಕರೆದು, ಕುಸುಬಿಹಾಳ ಪೂರ್ಣ ಶಾಂತ ಗ್ರಾಮವಾಗಿದೆ ಎಂದರು. ನಿಮ್ಮ ಸಾಲನ್ನು ಓದುವಾಗ ಅವರ ಕಣ್ಣಲ್ಲಿ ನೀರು ಬಂತು. ಹಿರಿಯರ ಆಸೆ ಈಡೇರಿತು, ಬಾಗಿಲು ಮುಚ್ಚೋಣ, ಕೋಣೆಯನ್ನು ಅವರ ನೆನಪಿನ ಪ್ರದರ್ಶನ ಮಾಡೋಣ ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು, ಕೋಣೆ ಇನ್ನೂ ಬೇಕು, ಹೆಂಗಸರು ಇನ್ನೂ ಹೊಡೆತ ತಿನ್ನುತ್ತಿದ್ದಾರೆ ಎಂದೆ. ಹಾಗಾದರೆ ಒಂದೇ ಒಂದು ಸಾಕ್ಷಿ ಕೊಡಿ, ಮುಚ್ಚುವುದನ್ನು ಇಲ್ಲೇ ಕೈಬಿಡುತ್ತೇನೆ ಎಂದರು.

ಸಾಕ್ಷಿ ಮೂರನೆಯ ಸಾಲಿನಲ್ಲಿ ಗಂಡನ ಪಕ್ಕದಲ್ಲೇ ಕೂತಿತ್ತು. ನೀಲಗಂಗವ್ವ. ನನ್ನ ಮನೆಯಿಂದ ನಾಲ್ಕನೆಯ ಮನೆಯವಳು. ಹಿಂದಿನ ತಿಂಗಳು ಹೆಪ್ಪು ಕೇಳಿದ್ದಳು. ಅವಳನ್ನು ಕೋಣೆಯಲ್ಲಿ ಎರಡು ದಿನ ಮಲಗಿಸಿಕೊಂಡಿದ್ದೆ, ಸೊಂಟಕ್ಕೆ ಉಪ್ಪಿನ ಶಾಖ ಕೊಟ್ಟಿದ್ದೆ. ಗಂಡನಿಗೆ ಅವಳು ತಂಗಿಯ ಮನೆಗೆ ಹೋಗಿದ್ದಾಳೆಂದು ಹೇಳಿಸಿದ್ದೆವು. ಅವಳು ನನ್ನನ್ನೇ ನೋಡುತ್ತಿದ್ದಳು. ಹೆಪ್ಪಿನ ಮಾತು ನನ್ನ ಬಾಯಿಂದ ಬಂದರೆ ಅವಳ ಗತಿ ಏನು ಎಂಬುದು ಇಬ್ಬರಿಗೂ ಗೊತ್ತಿತ್ತು. ಅಧಿಕಾರಿಗೆ ಆಮೇಲೆ ಗುಟ್ಟಾಗಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸರ್ಕಾರಕ್ಕೆ ತಿಳಿದದ್ದನ್ನು ಮರುದಿನವೇ ಗೋಡೆಕಿವಿಗೂ ಕಲಿಸುತ್ತಾರೆ. ಆಮೇಲೆ ‘ಹೆಪ್ಪು’ ಎಂದೊಡನೆ ಹೊಸ್ತಿಲ ಮೇಲೆ ಕೆಂಪು ಹತ್ತುತ್ತದೆ, ನೀರು ಅರ್ಧವಾಗುತ್ತದೆ. ಮುಂದೆ ಒಬ್ಬ ಹೆಂಗಸೂ ಬಟ್ಟಲು ಹಿಡಿದು ಹೊರಗೆ ಬರಲಾರಳು. ಕೋಣೆ ಉಳಿಸಲು ಹೋಗಿ ದಾರಿಯನ್ನೇ ಮುಚ್ಚಿದಂತಾಗುತ್ತಿತ್ತು. ಸಾಕ್ಷಿ ಇಲ್ಲ ಎಂದು ಹೇಳಿ ಕೂತೆ. ಪಕ್ಕದವರು ಬೆನ್ನು ತಟ್ಟಿ, ಇನ್ನಾದರೂ ಆರಾಮಾಗಿ ಇರ್ರಿ ಅಕ್ಕಾರ ಎಂದರು. ನನಗೆ ಮೈಯೆಲ್ಲ ಉರಿಯಿತು.

ಹಲಗೆ ಬಾರಿಸಿ ಬಾಗಿಲು ಕಿತ್ತರು. ಮುಚ್ಚಿ ಬೀಗ ಹಾಕಿದ್ದರೂ ಒಂದು ದಿನ ತೆರೆಯಬಹುದಿತ್ತು. ಪ್ರದರ್ಶನಕ್ಕೆ ಬರುವವರಿಗೆ ಹೊರಗಿನಿಂದಲೇ ಕಾಣಲಿ ಎಂದು ಬಾಗಿಲಿದ್ದ ಜಾಗಕ್ಕೆ ಗಾಜು ಕೂರಿಸಿದ್ದಾರೆ. ಒಳಗೆ ನೀವು ಹಿಟ್ಟು ನಾದಿ ರೊಟ್ಟಿ ಬಡಿದ ಮರದ ಕೊಣಮಿಗೆ, ನಿಮ್ಮ ಕಂಬಳಿ, ಒಂದೊಂದಕ್ಕೂ ಹೆಸರು ಬರೆದ ಚೀಟಿ. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತವೆ. ಹಿಂದಿನ ಕಾಲದಲ್ಲಿ ಗಂಡಂದಿರು ಹೆಂಡಿರನ್ನು ಹೊಡೆಯುತ್ತಿದ್ದರಂತೆ ಎಂದು ಶಾಲೆಯಲ್ಲಿ ಪಾಠ ಬರೆಸುತ್ತಾರೆ. ಮನೆಗೆ ಹೋಗಿ ಅವೇ ಮಕ್ಕಳು ಮುಚ್ಚುಹೊತ್ತಿನಲ್ಲಿ ಗೋಡೆಯ ಕಡೆ ತಿರುಗಿ ಮಲಗುತ್ತವೆ.

ಇವತ್ತು ಸಂಜೆ ದೀಪ ಹಚ್ಚಿ ತಿರುಗಿದರೆ ನೀಲಗಂಗವ್ವ ಅಂಗಳದಲ್ಲಿ ನಿಂತಿದ್ದಳು. ಎಡಗೈಯಲ್ಲಿ ಬಟ್ಟಲು, ಬಲಗೈ ಸೆರಗಿನೊಳಗೆ.

“ಅಕ್ಕಾರ, ಒಂದೀಟು ಹೆಪ್ಪು ಕೊಡ್ರಿ.”

“ದೀಪಾ ಹಚ್ಚೀನವಾ, ಈಗ ಕೊಡಾಂಗಿಲ್ಲ. ಮುಂಜಾನೆ ನಾನ ತರ್ತೀನಿ.”

ಅಲ್ಲಿಗೆ ಮಾತು ಮುಗಿಯಬೇಕು, ಅದು ನೀವು ಹಾಕಿಕೊಟ್ಟ ಕ್ರಮ. ಅವಳು ಹೋಗಲಿಲ್ಲ. ದನಿ ಏರಿಸದೆ ಕೇಳಿದಳು, “ಮುಂಜಾನೆ ಬಂದು ಎಲ್ಲಿಗೆ ಕರಕೊಂಡು ಹೋಗ್ತೀರಿ?”

ನನ್ನ ಮನೆಗೆ ಕರೆದುಕೊಳ್ಳೋಣವೆಂದರೆ ರಾತ್ರಿ ಉಳಿದ ಹೊಸಬರ ಉಸಿರು ಕೇಳಿದ ತಕ್ಷಣ ಗೋಡೆಕಿವಿ ಅವರ ಮನೆಯವರಿಗೆ ಸುದ್ದಿ ಮುಟ್ಟಿಸುತ್ತದೆ. ನಿಮ್ಮ ಕೋಣೆಯೊಂದಕ್ಕೇ ಕಿವಿ ಇರಲಿಲ್ಲ. ಅವಳು ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದಳು. ನಾನು ಒಳಗೆ ಬಂದು ಈ ಓಲೆ ಬರೆಯಲು ಕೂತೆ.

ಹುಲಿಗೆವ್ವ ಅವರೇ, ನಿಮ್ಮಲ್ಲಿ ಬೇಡಿಕೊಳ್ಳುವುದು ಇಷ್ಟೇ. ಸುಣ್ಣ ಇನ್ನೂ ಹಸಿಯಿದೆ, ನೀಲಿ ಬಣ್ಣ ಇನ್ನೂ ಒಣಗಿಲ್ಲ. ಏಣಿ ಹತ್ತಿ, ಆ ಸಾಲನ್ನು ಅಳಿಸಿಬಿಡಿ. ಗೆಳತಿಯರು ಬೇಜಾರು ಮಾಡಿಕೊಂಡರೆ ಬೈಗುಳವನ್ನು ನನ್ನ ಲೆಕ್ಕಕ್ಕೆ ಹಾಕಿ. ಏನಾದರೂ ಬರೆಯಲೇಬೇಕೆಂದರೆ ‘ಬೀಜದ ಕೋಣೆ’ ಎಂದು ಬರೆಯಿರಿ. ಬೀಜದ ಕೋಣೆ ಮುಚ್ಚಬೇಕೆಂದು ಯಾವ ಸರ್ಕಾರವೂ ಹೇಳುವುದಿಲ್ಲ. ಒಳ್ಳೆಯ ಕಾಲ ಬರಲಿ ಎಂಬ ಹಾರೈಕೆ ನಿಮ್ಮ ಮನಸ್ಸಿನಲ್ಲೇ ಇರಲಿ. ಗೋಡೆಯ ಮೇಲೆ ಬರೆದರೆ, ಆ ಕಾಲ ಬರುವ ಮೊದಲೇ ಬಂತೆಂದು ಹೇಳುವವರು ಬರುತ್ತಾರೆ.

ನಾಳೆ ಬೆಳಿಗ್ಗೆ ಹೆಪ್ಪು ಹಿಡಿದು ನೀಲಗಂಗವ್ವನ ಮನೆಗೆ ಹೋಗುತ್ತೇನೆ. ಅವಳನ್ನು ಕರೆದುಕೊಂಡು ಗೋದಾಮಿನ ಓಣಿಯಲ್ಲೇ ಬರುತ್ತೇನೆ. ಅಲ್ಲಿ ಗಾಜಿನ ಬದಲು ಬಾಗಿಲಿದ್ದರೆ, ಈ ಓಲೆ ನಿಮಗೆ ಮುಟ್ಟಿತೆಂದು ತಿಳಿಯುತ್ತೇನೆ.

ನಿಮ್ಮ
ಫಕೀರವ್ವ